ಸರ್ ಬರುವವರೆಗೆ ಬಾಗಿಲು ತೆರೆಯಬಾರದು

ಬಾಗಿಲು ಮುಚ್ಚಿತು. ಉಮಾಶ್ರೀ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದಳು, ಹಿಂದಿನ ಸಾಲಿಗೆ ಹೋಗಿ ನೋಡಿದಳು, ಕಡೆಗೆ ಕುರ್ಚಿಯ ಮೇಲೆ ಹತ್ತಿ ನಿಂತೂ ನೋಡಿದಳು.

"ಈಗ ತೆಗಿ, ನಿವೇದಿತಾ."

ಹೊರಗೆ ನಿಂತಿದ್ದ ನಿವೇದಿತಾ ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. ಆಚೆ ಮೆಟ್ಟಿಲ ತುದಿಯ ಲ್ಯಾಂಡಿಂಗು ಕಂಡಿತು, ಅದರಾಚೆ ಅಮೆರಿಕದ ಎಮರಿವಿಲ್ ಊರಿನ ಬೂದು ಆಕಾಶ ಕಂಡಿತು. ಮೆಟ್ಟಿಲು ಮಾತ್ರ ಪಕ್ಕಕ್ಕೆ ತಿರುಗಿ ಇಳಿದುಹೋಗಿತ್ತು. ಬಾಗಿಲು ಮುಚ್ಚಿದ್ದರೂ ಅಷ್ಟೇ, ತೆರೆದಿದ್ದರೂ ಅಷ್ಟೇ, ಈ ಹಾಲ್‌ನೊಳಗೆ ಕೂತವರಿಗೆ ಒಂದು ಮೆಟ್ಟಿಲೂ ಕಾಣುವಂತಿರಲಿಲ್ಲ.

ಹಾಗಾದರೆ ಶನಿವಾರ ಇದೇ ಹಾಲ್‌ನಲ್ಲಿ ಎದ್ದು ನಿಂತು, "ಕಳ್ಳ ಅರ್ಧ ಮೆಟ್ಟಿಲು ಇಳಿದ ಮ್ಯಾಲ ಚೀಲಾನ ಎಡ ಹೆಗಲಿಂದ ಬಲ ಹೆಗಲಿಗೆ ಹಾಕ್ಕೊಂಡ" ಎಂದು ಸಾಕ್ಷಿ ಹೇಳಿದವಳು ಅದನ್ನು ಎಲ್ಲಿಂದ ನೋಡಿದಳು?

"ಏನಾದ್ರೂ ಸಿಕ್ತಾ ಉಮಾ?" ನಿವೇದಿತಾ ಒಳಗೆ ಬಂದಳು. ಕಣ್ಣು ಊದಿಕೊಂಡಿದ್ದವು. "ನಾಳೆ ಕೋರ್ಟು. ಲಾಯರ್ ಫೋನ್ ಮಾಡಿದ್ರೆ ಬರೀ 'ವೇಯ್ಟ್ ಮಾಡಿ' ಅಂತಾಳೆ. ಇವ್ರು ಇನ್ನೂ ಸಿಟಿಜನ್ ಆಗಿಲ್ಲ ಕಣೇ. ಕೇಸು ನಿಂತ್ರೆ ಜೈಲೂ ಆಯ್ತು, ಆಮೇಲೆ ಗಡೀಪಾರೂ ಆಯ್ತು. ಮಗಳಿಗೆ ನಾನೇನು ಹೇಳ್ಲಿ?"

ಉಮಾಶ್ರೀ ಅವಳ ಕೈ ಹಿಡಿದುಕೊಂಡಳು. ನಿವೇದಿತಾಳ ಗಂಡ ಸಿದ್ಧಾರೂಢ ಈಗ ಕೌಂಟಿ ಜೈಲಿನಲ್ಲಿದ್ದ. ಆರೋಪ ಏನೆಂದರೆ, ತನ್ನ ಹಳೆಯ ಪ್ರೊಫೆಸರ್ ದ್ವಾರಕಾನಾಥರ ಚೀಲ ಕಿತ್ತುಕೊಂಡು ಅವರನ್ನು ಮೆಟ್ಟಿಲಿಂದ ದೂಡಿದ್ದು. ದ್ವಾರಕಾನಾಥರು ತಲೆಗೆ ಪೆಟ್ಟಾಗಿ ಓಕ್ಲೆಂಡಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು.

ಉಮಾಶ್ರೀ ವಕೀಲರಿಗೆ ಪತ್ತೇದಾರಿಕೆ ಮಾಡಿಕೊಡುವ ಲೈಸೆನ್ಸು ಹೊಂದಿದವಳು. ಆದರೂ ಸಿದ್ಧಾರೂಢನ ವಕೀಲೆ, "ನೀನೂ ಒಬ್ಬ ಸಾಕ್ಷಿ, ದೂರ ಇರು" ಎಂದಿದ್ದಳು. ದೂರ ಇರುವ ಅಭ್ಯಾಸ ಉಮಾಶ್ರೀಗೆ ಯಾವ ಕಾಲಕ್ಕೂ ಇರಲಿಲ್ಲ.

ಆ ದಿನ ಪೊಲೀಸರಿಗೆ ತಲೆಬುಡ ತಿಳಿಯದ ಸಂಗತಿ ಒಂದೇ ಆಗಿತ್ತು. ಮುಸುಕು ಹಾಕಿದವನೊಬ್ಬ ಹಾಲ್‌ಗೆ ನುಗ್ಗಿ ಎಂಬತ್ತರ ಹತ್ತಿರದ ಮುದುಕರ ಚೀಲ ಕಸಿದು ಓಡುತ್ತಾನೆ, ಮುದುಕರು ಅವನ ಬೆನ್ನು ಹತ್ತಿ ಹೊರಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಾರೆ, ಒಳಗಿದ್ದ ಇಷ್ಟೊಂದು ಓದಿದ ಜನ ಚಪ್ಪಾಳೆ ಹೊಡೆಯುತ್ತಾರೆ! ಒಬ್ಬರೂ ಏಳುವುದಿಲ್ಲ, ಒಬ್ಬರೂ ಫೋನು ಮಾಡುವುದಿಲ್ಲ. "ವೈ ಡಿಡ್ ಯೂ ಕ್ಲ್ಯಾಪ್?" ಎಂದು ಆ ಎಳೆಯ ಪೊಲೀಸ್ ಅಧಿಕಾರಿ ಎಲ್ಲರನ್ನೂ ಕೇಳಿದ್ದ. ಅವನಿಗೆ ಧಾರವಾಡವನ್ನು ಎಲ್ಲಿಂದ ಶುರುಮಾಡಿ ವಿವರಿಸುವುದು?

*

ಬಿ.ಎ.ಗೆ ಕಾನೂನು, ಅಪರಾಧಶಾಸ್ತ್ರ, ಮನಃಶಾಸ್ತ್ರ ಮೂರನ್ನೂ ಒಟ್ಟಿಗೆ ಓದುವ ಅವಕಾಶ ಧಾರವಾಡದ ಆ ಕಾಲೇಜಿನಲ್ಲಿತ್ತು. ಮದುವೆ ಮನೆಗಳಲ್ಲಿ ಹಿರಿಯರು, "ಅಂದ್ರ ಮುಂದ ಏನ್ ಆಗಾಕಿ ನೀ? ಪೊಲೀಸೋ, ವಕೀಲೋ, ಹುಚ್ಚರ ಡಾಕ್ಟರೋ?" ಎಂದು ಕೇಳಿ ಕಾಡುತ್ತಿದ್ದರು. ಹುಬ್ಬಳ್ಳಿಯ ಉಮಾಶ್ರೀ, ವಿಜಯಪುರದ ನೀಲಾಬಾಯಿ, ಗದಗಿನ ಸಿದ್ಧಾರೂಢ ಮೂವರೂ ಒಂದೇ ಬೆಂಚು. ಮಧ್ಯಾಹ್ನ ಲೈನ್ ಬಜಾರಿನಲ್ಲಿ ಗಿರಮಿಟ್ ತಿನ್ನುತ್ತ ಯಾರನ್ನಾದರೂ ತೋರಿಸಿ, "ಇಂವಾ ಏನ್ ತಪ್ಪ ಮಾಡಿರಬಹುದು?" ಎಂದು ಪಂದ್ಯ ಕಟ್ಟುವುದು. ಪಾಪ, ಆ ಬಜಾರಿನ ಒಬ್ಬ ಮನುಷ್ಯನೂ ಇವರ ಕೈಯಲ್ಲಿ ನಿರಪರಾಧಿಯಾಗಿ ಉಳಿಯಲಿಲ್ಲ.

ದ್ವಾರಕಾನಾಥರು ಮೂರು ಶಾಸ್ತ್ರಗಳನ್ನೂ ಮೂರೇ ಮಾತಿಗೆ ಇಳಿಸಿದ್ದರು. ಅಪರಾಧಶಾಸ್ತ್ರ "ಹ್ಯಾಂಗ?" ಅನ್ನುತ್ತದೆ. ಮನಃಶಾಸ್ತ್ರ "ಯಾಕ?" ಅನ್ನುತ್ತದೆ. ಕಾನೂನು ಎರಡನ್ನೂ ಕೇಳಿಸಿಕೊಂಡು, "ಖರೆ ಇರಬಹುದು. ತೋರಸು" ಅನ್ನುತ್ತದೆ. ಮೂರಕ್ಕೂ ಉತ್ತರ ಇಲ್ಲದೆ ಯಾರ ಮೇಲೂ ಬೆರಳು ತೋರಿಸಬಾರದು.

ಇನ್ನು 'ಕಳ್ಳನ ಪಾಠ'. ವರ್ಷಕ್ಕೊಮ್ಮೆ, ಯಾವ ಸೂಚನೆಯೂ ಇಲ್ಲದೆ, ಪಾಠದ ನಡುವೆ ಮುಸುಕಿನವನೊಬ್ಬ ನುಗ್ಗಿ ಸರ್ ಅವರ ಚೀಲ ಕಿತ್ತುಕೊಂಡು ಓಡುತ್ತಿದ್ದ. ಸರ್ ಬೊಬ್ಬೆ ಹಾಕುತ್ತ ಅವನ ಹಿಂದೆ ಓಡಿ ಬಾಗಿಲೆಳೆದುಕೊಳ್ಳುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಎದ್ದು ನಿಂತು ಕಂಡದ್ದನ್ನು ಸಾಕ್ಷಿ ಹೇಳಬೇಕು. ಹೊರಗೆ ಸರ್ ಕಿವಿಗೊಟ್ಟು ಎಲ್ಲವನ್ನೂ ಕೇಳುತ್ತಿರುತ್ತಿದ್ದರು. ಅವರು ಬಂದು ತೆರೆಯುವವರೆಗೆ ಬಾಗಿಲು ಮುಟ್ಟುವಂತಿರಲಿಲ್ಲ. ಒಬ್ಬನಿಗೆ ಕಳ್ಳ ಎತ್ತರ, ಇನ್ನೊಬ್ಬಳಿಗೆ ಗಿಡ್ಡ, ಮತ್ತೊಬ್ಬನಿಗೆ ಅವನ ಕೈಯಲ್ಲಿ ಇಲ್ಲದ ಚಾಕು. ಸರ್ ನಗುತ್ತ ಒಳಗೆ ಬಂದು, "ನಿಮ್ಮ ಸಾಕ್ಷಿ ನಂಬಿದ್ರ ಧಾರವಾಡದಾಗ ಅರ್ಧ ಮಂದಿ ಗಲ್ಲಿಗೆ ಹೋಗ್ತಾರ" ಎನ್ನುತ್ತಿದ್ದರು. ಎಷ್ಟು ಸುಖದ ದಿನಗಳು ಅವು! ಉಮಾಶ್ರೀಗೆ ಈಗ ನೆನೆಸಿಕೊಂಡರೂ ಎದೆ ತುಂಬಿ ಬರುತ್ತಿತ್ತು.

ಆದ್ದರಿಂದಲೇ ಶನಿವಾರ ಮುಸುಕಿನವನು ನುಗ್ಗಿದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಕುಣಿದಾಡಿಬಿಟ್ಟರು. ಸರ್ ಅಮೆರಿಕಕ್ಕೆ ಬಂದ ನೆಪದಲ್ಲಿ ಕೂಡಿದ್ದ ಗುಂಪು ಅದು. ಸರ್ ಕಟ್ಟಪ್ಪಣೆಯಂತೆ ಫೋನುಗಳೆಲ್ಲ ಬುಟ್ಟಿಯೊಂದರಲ್ಲಿದ್ದವು. ನಡು ವಯಸ್ಸು ದಾಟಿದವರು ಮಕ್ಕಳ ಹಾಗೆ ಎದ್ದು ನಿಂತು, ಜಗಳಾಡುತ್ತ, ನಗುತ್ತ ಸಾಕ್ಷಿ ಹೇಳುತ್ತಲೇ ಇದ್ದರು. ಊಟ ತಂದ ಕೇಟರಿಂಗಿನವನು ಮೆಟ್ಟಿಲ ತಿರುವಿನಲ್ಲಿ ಕೂಗಿಕೊಂಡಾಗಲೇ ಯಾರೋ ಬಾಗಿಲು ತೆರೆದದ್ದು. ಒಳಗೆ ಇವರು ನಗುತ್ತಿದ್ದಷ್ಟು ಹೊತ್ತೂ ಹೊರಗೆ ಸರ್ ರಕ್ತದ ಮಡುವಿನಲ್ಲಿ ಬಿದ್ದಿದ್ದರು. ಆ ನಗುವನ್ನು ನೆನೆಸಿಕೊಂಡರೆ ಉಮಾಶ್ರೀಗೆ ಅನ್ನ ಇಳಿಯುತ್ತಿರಲಿಲ್ಲ.

ಕಳ್ಳನ ವೇಷ ಹಾಕಿದ್ದು ತಾನೇ ಎಂದು ಸಿದ್ಧಾರೂಢ ಆಗಲೇ ಒಪ್ಪಿಕೊಂಡಿದ್ದ. ಸರ್ ಹೇಳಿಕೊಟ್ಟಂತೆ ಚೀಲ ಕಿತ್ತುಕೊಂಡು ಇಳಿದು, ಕಾರಿನಲ್ಲಿ ಕೂತು ಕಾದೆ, ಅಷ್ಟೇ ಎಂದಿದ್ದ. ನಿನ್ನೆ ಜೈಲಿನ ಗಾಜಿನಾಚೆಯಿಂದ ಅವನು ಇನ್ನೊಂದು ಮಾತು ಸೇರಿಸಿದ.

"ಉಮಾ, ಸೈಕಲ್ಲಿಂದ ಬಿದ್ದ ಹೆಗಲ ನೆನಪೈತಲ್ಲ? ಅದs ನೋಯಾಕತ್ತು. ಅರ್ಧ ಮೆಟ್ಟಿಲಿಗೆ ನಿಂತು ಚೀಲಾ ಈ ಕಡೆ ಹಾಕ್ಕೊಂಡೆ. ಅಷ್ಟ ಹೊತ್ತು ನಿಂತೇನಿ ನೋಡು. ಸರ್ ಬೀಳೂ ಸಪ್ಪಳಾ ಕೇಳಿದ್ರ ತಿರಗಿ ಬರ್ತಿದ್ದಿಲ್ಲೇನು ನಾ?"

ಆಗಲೇ ಉಮಾಶ್ರೀಯ ಕಿವಿಯಲ್ಲಿ ಆ ಸಾಕ್ಷಿ ಮತ್ತೆ ಕೇಳಿಸಿದ್ದು. ಎಡ ಹೆಗಲಿಂದ ಬಲ ಹೆಗಲಿಗೆ. ಆ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು. "ನೀಲಾ ಯಾವತ್ತೂ ಫಸ್ಟ್ ಕ್ಲಾಸು" ಎಂದು ಕೂಗಿದವಳು ಉಮಾಶ್ರೀಯೇ.

"ನಿವೇದಿತಾ, ಈ ಹಾಲ್‌ಗೆ ಇನ್ನೊಂದು ದಾರಿ ಇದೆಯಾ?"

"ಕಿಚನ್ ಇದೆಯಲ್ಲ. ಕಸ ಹಾಕೋಕೆ ಅಂತ ಅದಕ್ಕೊಂದು ಗಾಜಿನ ಬಾಗಿಲಿದೆ."

ಹಾಲ್‌ನ ಹಿಂದಿನ ಆ ಪುಟ್ಟ ಅಡುಗೆಮನೆಗೆ ಉಮಾಶ್ರೀ ಹೋಗಿ ನಿಂತಳು. ಗಾಜಿನಾಚೆ ಇಡೀ ಮೆಟ್ಟಿಲು, ಮೇಲಿನ ಲ್ಯಾಂಡಿಂಗು, ಕೆಳಗಿನ ತಿರುವು ಎಲ್ಲವೂ ಅಂಗೈಯಲ್ಲಿಟ್ಟಂತೆ ಕಂಡವು. ಚಿಲಕ ತೆಗೆದು ಹೆಜ್ಜೆ ಇಟ್ಟರೆ ಸರ್ ನಿಂತಿದ್ದ ಜಾಗ. ಶನಿವಾರ ಚಹಾ ಮಾಡುತ್ತೇನೆಂದು ಇಲ್ಲಿಗೆ ಬಂದವಳು ನೀಲಾಬಾಯಿ. ಪೊಲೀಸರ ಮುಂದೆ, "ನಾನು ಹಾಲ್‌ನಲ್ಲೇ ಕೂತಿದ್ದೆ, ಹೊರಗಿನದು ಏನೂ ಕಾಣಲಿಲ್ಲ" ಎಂದವಳೂ ಅವಳೇ.

ಉಮಾಶ್ರೀ ಕಾರಿನಲ್ಲಿ ಕೂತು ಮೊದಲು ಗಂಡನಿಗೆ ಫೋನು ಮಾಡಿದಳು. ಹಾಸನದ ನಾಗಾರ್ಜುನ ಸ್ಯಾನ್ ಮಟಿಯೋದಲ್ಲಿ ಇಂಜಿನಿಯರು. ಈ ಕಳ್ಳರು ಪೊಲೀಸರ ಸಹವಾಸ ಅವನಿಗೆ ಒಗ್ಗದು. ಶನಿವಾರವೂ ಅವಳನ್ನೂ ಸರ್ ಅವರನ್ನೂ ಇಳಿಸಿ, "ನಿಮ್ಮ ಕ್ಲಾಸಿಗೆ ನಾನ್ಯಾಕೆ?" ಎಂದು ನಕ್ಕು ದೋಣಿಗಳು ನಿಲ್ಲುವ ಮರೀನಾ ಕಡೆ ವಾಕಿಂಗಿಗೆ ಹೋಗಿದ್ದ. ಆದರೆ ಕೂಗು ಕೇಳಿ ಪಾರ್ಕಿಂಗ್ ಕಡೆಯಿಂದ ಓಡಿ ಬಂದು, ಸರ್ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೈಮೇಲಿನ ನೀಲಿ ಸ್ವೆಟರು ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದವನು ಅವನೇ. ಅಂದಿನಿಂದ ದಿನಕ್ಕೆ ಹತ್ತು ಸಲ, "ಸರ್‌ಗೆ ಎಚ್ಚರ ಆಯ್ತಾ?" ಎಂದು ಕೇಳುತ್ತಿದ್ದ. ಎಷ್ಟಾದರೂ ಒಂದು ವಾರ ಇವರಿಬ್ಬರ ಮನೆಯಲ್ಲೇ ಇದ್ದ ಮುದುಕರು.

"ನಾಗಾ, ನಂಗೆ ಬರ್ಕ್ಲಿಗೆ ಹೋಗೋದಿದೆ. ಸರ್ ಹತ್ರ ಇವತ್ತು ನೀನು ಕೂತ್ಕೋತೀಯಾ? ಒಬ್ಬರನ್ನೇ ಬಿಡೋಕೆ ಮನಸ್ಸಿಲ್ಲ."

"ಅದಕ್ಕೇನು, ಈಗ್ಲೇ ಹೊರಟೆ. ಮೀಟಿಂಗೆಲ್ಲ ಕ್ಯಾನ್ಸಲ್ ಮಾಡ್ತೀನಿ. ನೀನು ಅವಸರ ಮಾಡ್ಬೇಡ."

ಒಳ್ಳೆಯ ಗಂಡ ಸಿಕ್ಕಿದ್ದಾನೆ ಎಂದುಕೊಂಡು ಅವಳು ಫ್ರೀವೇ ಹತ್ತಿದಳು.

*

ಬರ್ಕ್ಲಿಯ ಗುಡ್ಡದ ಬುಡದಲ್ಲಿ ನೀಲಾಬಾಯಿಯ ಮನೆ. ಅಂಗಳದಲ್ಲಿ ನಿಂಬೆ ಗಿಡ, ಬಾಗಿಲಲ್ಲಿ ಕೆಮ್ಮಣ್ಣಿನ ಎಳೆ. ತೀರ್ಪು ಹೇಳಲು ಕೂರುವ ಜ್ಯೂರಿಯ ಜನರನ್ನು ವಕೀಲರಿಗೆ ಆರಿಸಿಕೊಡುವುದು ಅವಳ ಕೆಲಸ. ಎದುರು ಕೂತವರ ಮುಖ ನೋಡಿ, ಇವರು ಸುಳ್ಳು ನಂಬುತ್ತಾರೆಯೇ ಇಲ್ಲವೇ ಎಂದು ಹೇಳಬಲ್ಲಳು. ಅಂಥವಳ ಹತ್ತಿರ ಸತ್ಯ ಕೇಳಲು ಹೋಗುವುದು ಸುಲಭದ ಮಾತಲ್ಲ.

"ಬಾರವಾ, ಗೋಲ್ಡ್ ಮೆಡಲ್," ಎಂದಳು ನೀಲಾಬಾಯಿ ಬಾಗಿಲು ತೆರೆದು.

ಹಳೆಯ ಕುಟುಕು ಅದು. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ದ್ವಾರಕಾನಾಥರು ನೀಲಾಬಾಯಿಗೆ ಕೈಬಿಗಿಹಿಡಿದು ಅಂಕ ಕೊಟ್ಟಿದ್ದರು. ಪದಕ ಉಮಾಶ್ರೀಗೆ ಹೋಯಿತು. ಆಮೇಲೆ ಬಹಳ ವರ್ಷ ನೀಲಾಬಾಯಿ ಸರ್ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದಳು. ದಾರಿಯುದ್ದಕ್ಕೂ ಉಮಾಶ್ರೀ ಬೇಡಬೇಡವೆಂದರೂ ಅದನ್ನೇ ಯೋಚಿಸುತ್ತ ಬಂದಿದ್ದಳು.

"ಚಾ ಮಾಡ್ಲಿ?"

"ಮೊದ್ಲು ಮಾತು. ಆಮ್ಯಾಲೆ ಚಾ."

"ಅಂದ್ರ ಗೆಳತಿ ಬಂದಿಲ್ಲ. ಕೇಸಿನಾಕಿ ಬಂದಾಳ." ನೀಲಾಬಾಯಿ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. "ಕೇಳು."

"ಹ್ಯಾಂಗ ನೋಡಿದಿ ನೀಲಾ? ಸಿದ್ಧ್ಯಾ ಚೀಲಾ ಬದ್ಲಿ ಮಾಡಿದ್ದು ಹಾಲ್‌ನ್ಯಾಗಿಂದ ಕಾಣಂಗಿಲ್ಲ. ಈಗ ನೋಡಿ ಬಂದೆ."

ನೀಲಾಬಾಯಿ ನಿಂಬೆ ಗಿಡದ ಕಡೆ ನೋಡಿದಳು. "ಅಡಗಿಮನಿ ಗಾಜಿನಾಗ ಕಂಡ್ತು. ಕಾಲೇಜಿನ್ಯಾಗೂ ನಾ ಹಂಗs ಅಲ್ಲೇನು? ಕಿಡಕ್ಯಾಗ ಹಣಿಕಿ ಹಾಕಿ ಬಂದು ಎಲ್ಲಾರಿಗಿಂತ ಛಲೋ ಸಾಕ್ಷಿ ಹೇಳ್ತಿದ್ದೆ."

"ಪೊಲೀಸರಿಗೆ ಸುಳ್ಳ ಹೇಳಿದಿ."

"ಹೇಳಿದೆ."

"ಯಾಕ?"

ನೀಲಾಬಾಯಿ ಮತ್ತೆ ನಿಂಬೆ ಗಿಡದ ಕಡೆ ತಿರುಗಿದಳು. ಉಮಾಶ್ರೀಯ ತಾಳ್ಮೆ ತಪ್ಪಿತು. "ಸಿದ್ಧ್ಯಾ ನಾಳೆ ಕೋರ್ಟಿಗೆ ನಿಲ್ತಾನ. ನಿವೇದಿತಾ ಅತ್ತು ಅತ್ತು ಸಾಯಾಕತ್ತಾಳ. ನೀ ಬಾಯಿ ಮುಚ್ಕೊಂಡು ಇಲ್ಲಿ ಕುಂತಿ. ನೀ ನಿಂತಲ್ಲಿಂದ ಸರ್ ಹತ್ರ ಒಂದs ಹೆಜ್ಜಿ ಇತ್ತು. ಆ ಮೆಡಲ್ ಸಿಟ್ಟು ಇನ್ನೂ ಹೋಗಿಲ್ಲೇನು ನಿನಗ?"

ಅಂದ ಮೇಲೆ ಅವಳಿಗೇ ಅನ್ನಬಾರದಿತ್ತು ಎನಿಸಿತು. ನೀಲಾಬಾಯಿಯ ಮುಖ ಕಪ್ಪಿಟ್ಟಿತು. ಸಿಟ್ಟಾಗುತ್ತಾಳೆಂದುಕೊಂಡರೆ ಆಗಲಿಲ್ಲ.

"ಸರ್‌ನ್ನ ಇಲ್ಲಿಗೆ ಕರಸಿದ್ದು ಯಾರು ಗೊತ್ತೇನು? ನಾನು. ಮೂರು ವರ್ಷ ಬೆನ್ನ ಹತ್ತಿ ಕರಸೇನಿ. ಹೋದ ವಾರ ನಿನ್ನ ಮನಿಗೆ ಬಂದಾಗ ಅವರು ನನ್ನ ತಲಿ ಮ್ಯಾಲ ಕೈಯಿಟ್ಟು, 'ಅವತ್ತು ನಿನಗ ಅನ್ಯಾಯ ಮಾಡಿದೆ ನೀಲಾ' ಅಂದ್ರು. ನನಗ ಅಷ್ಟs ಬೇಕಾಗಿತ್ತು. ಎಲ್ಲಾ ಮುಗದು ಹೋತು."

"ಹಂಗಾದ್ರ ಯಾರನ್ನ ಉಳಸಾಕತ್ತಿ?"

"ಉಮಾ, ಹಾಸ್ಟೆಲ್ ನೆನಪೈತಿ? ನೀ ಸಿನಿಮಾ ನೋಡಿ ತಡಾ ಮಾಡಿ ಗ್ವಾಡಿ ಹಾರಿ ಬಂದಿ. ವಾರ್ಡನ್ ಕೇಳಿದ್ರ, ಹಾರಿದಾಕಿ ನಾನು ಅಂದೆ. ಒಂದು ತಿಂಗಳಾ ನನ್ನ ಹೊರಗ ಬಿಡ್ಲಿಲ್ಲ."

"ನೆನಪೈತಿ. ಈಗ್ಯಾಕ ಅದು?"

"ಆಗ ವಾರ್ಡನ್ ಮುಂದ ಹೇಳಿದ್ದು ಯಾರ ಸಲುವಾಗಿ? ಈಗ ಪೊಲೀಸರ ಮುಂದ ಹೇಳಿದ್ದೂ ಅವರ ಸಲುವಾಗೇ."

ಉಮಾಶ್ರೀಗೆ ಮೊದಲು ಏನೂ ಅರ್ಥವಾಗಲಿಲ್ಲ. "ನಾ ಹಾಲ್‌ನ್ಯಾಗ ಇದ್ದೆ. ನಿನ್ನ ಮುಂದs ಇದ್ದೆ."

"ನೀ ಇದ್ದಿ." ನೀಲಾಬಾಯಿ ಎದ್ದು ಬಂದು ಗೆಳತಿಯ ಪಕ್ಕ ಕೂತಳು, ಬೆಂಚಿನ ಮೇಲೆ ಕೂರುತ್ತಿದ್ದಂತೆ ಭುಜಕ್ಕೆ ಭುಜ ತಾಗಿಸಿ. "ಸಿದ್ಧ್ಯಾ ಚೀಲಾ ಬದ್ಲಿ ಮಾಡಿ ಇಳದು ಹೋದ. ಸರ್ ಬಾಗಿಲಾ ಎಳಕೊಂಡು ಮ್ಯಾಲ ನಿಂತು ನಗಾಕತ್ತಿದ್ರು. ಅಷ್ಟರಾಗ ಕೆಳಗಿಂದ ಒಬ್ಬಾಂವ ಬಂದ. ಅವನ್ನ ನೋಡಿ ಸರ್ ನಗೂದು ನಿಲ್ಲಿಸಿದ್ರು. ಏನೋ ಮಾತಾತು. ಅಂವಾ ಸರ್ ಮಣಿಕಟ್ಟು ಹಿಡದ. ಇಂವನ್ನೂ ಸರ್ ನಾಟಕದಾಗ ಸೇರಿಸ್ಯಾರ, ಹೇಳಿದ್ರ ಮಜಾ ಕೆಡತೈತಿ ಅಂತ ನಾ ಚಾ ತಗೊಂಡು ಒಳಗ ಬಂದೆ. ಎದ್ದು ನಿಂತು ನಕ್ಕೊಂತ ಸಾಕ್ಷಿನೂ ಹೇಳಿದೆ."

"ಯಾರು?"

"ಆಮ್ಯಾಲೆ ಮಂದಿ ಕೂಡಿದಾಗ ಅಂವಾ ಪಾರ್ಕಿಂಗ್ ಕಡಿಂದ ಓಡಿ ಬಂದ. 'ಏನಾಯ್ತು, ಏನಾಯ್ತು' ಅಂತ ಎಲ್ಲಾರ್ನೂ ಕೇಳಿದ. ಮ್ಯಾಲ ನಿಂತು ಮಾತಾಡಿದಾಂವ ಏನೂ ಗೊತ್ತಿಲ್ಲದಾಂವನಂಗ ಕೇಳಿದ, ಉಮಾ. ಅವಾಗ ನನ್ನ ಎದಿ ಒಡೀತು."

ಪಾರ್ಕಿಂಗ್ ಕಡೆಯಿಂದ ಓಡಿ ಬಂದವನು ಒಬ್ಬನೇ ಇದ್ದ.

"ತೋರಸು," ಎಂದಳು ಉಮಾಶ್ರೀ. "ಸಾಕ್ಷಿ ಏನೈತಿ? ನೀ ತಪ್ಪು ನೋಡಿರಬಹುದು. ಕಳ್ಳನ ಪಾಠದಾಗ ಎಲ್ಲಾರೂ ತಪ್ಪು ನೋಡ್ತಿದ್ವಿ."

"ದೇವರಾಣಿ, ತಪ್ಪಿರಲಿ ಅಂತ ನಾನೂ ಬೇಡ್ಕೊಂಡೇನಿ. ನೀಲಿ ಸ್ವೆಟರ್. ಮೊಣಕೈ ಹತ್ರ ನೀ ಬ್ಯಾರೆ ಬಣ್ಣದ ಉಣ್ಣಿಲೆ ಹೊಲದೀಯಲ್ಲ, ಆ ಹೊಲಿಗಿ ಸುದ್ದಾ ಕಂಡ್ತು. ಅವನ ಸ್ವೆಟರ್ ಮ್ಯಾಲ ಸರ್ ರಕ್ತ ಮೊದಲs ಸಿಡಿದಿತ್ತೋ, ಆಮ್ಯಾಲೆ ಒತ್ತಿ ಹಿಡದಾಗ ಹತ್ತಿತೋ, ಈಗ ಯಾವ ಲ್ಯಾಬಿನಾಂವಾ ಹೇಳ್ತಾನ? ನಾಗಾರ್ಜುನ ನಮ್ಮ ಪಾಠ ಓದಿಲ್ಲ, ಖರೆ. ಆದ್ರ ನಿನ್ನ ಬಾಯಾಗಿಂದ ಇಪ್ಪತ್ತು ವರ್ಷ ಕೇಳ್ಯಾನ."

ಉಮಾಶ್ರೀಗೆ ಶನಿವಾರ ಬೆಳಗ್ಗೆಯ ಒಂದು ಮಾತು ನೆನಪಾಯಿತು. ಅವಳು ಮನೆಯ ಹಿತ್ತಲಲ್ಲಿ ಸೀರೆ ಒಣಹಾಕುತ್ತಿದ್ದಳು. ಸರ್ ಕಿತ್ತಳೆ ಸುಲಿಯುತ್ತ ಹತ್ತಿರ ಬಂದು ದನಿ ತಗ್ಗಿಸಿ, "ಉಮಾ, ನಿನ್ನ ಕೂಡ ಒಂದು ಮಾತು ಆಡೂದದ. ಮನ್ಯಾಗ ಬ್ಯಾಡ. ಅಲ್ಲೆ ಎಮರಿವಿಲ್‌ನ್ಯಾಗ, ನಾವಿಬ್ಬರs ಇದ್ದಾಗ" ಎಂದಿದ್ದರು. ಊಟ ಹಿಡಿಸಲಿಲ್ಲವೇನೋ, ಬೇರೆ ಶಿಷ್ಯರ ಮನೆಗೆ ಹೋಗುವ ಆಸೆಯೇನೋ ಎಂದುಕೊಂಡು ಅವಳು ನಕ್ಕುಬಿಟ್ಟಿದ್ದಳು. ಆಗ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ನಾಗಾರ್ಜುನ ಕಾಫಿ ಸೋಸುತ್ತಿದ್ದ.

ಹೇಗೆ ಎಂಬುದು ಸಿಕ್ಕಿತ್ತು. ತೋರಿಸುವುದಕ್ಕೆ ನೀಲಾಬಾಯಿ ಇದ್ದಳು. ಯಾಕೆ ಎಂಬುದನ್ನು ಬಲ್ಲವರು ಇಬ್ಬರೇ, ಒಬ್ಬರು ಪ್ರಜ್ಞೆಯಿಲ್ಲದೆ ಮಲಗಿದ್ದವರು. ಇನ್ನೊಬ್ಬನನ್ನು ಅವರ ಮಂಚದ ಪಕ್ಕ ಕೂರಿಸಿ ಬಂದವಳು ತಾನೇ.

"ನೀಲಾ," ಎಂದಳು ಉಮಾಶ್ರೀ. "ಅಂವಾ ಈಗ ಎಲ್ಲಿದ್ದಾನ ಗೊತ್ತೇನು?"

ಅವಳು ಉತ್ತರ ಹೇಳುವ ಮೊದಲೇ ಫೋನು ಬಡಿದುಕೊಂಡಿತು. ಪರದೆಯ ಮೇಲೆ ನಾಗಾರ್ಜುನನ ನಗುಮುಖ. ಉಮಾಶ್ರೀ ಸ್ಪೀಕರ್ ಒತ್ತಿ, ನೀಲಾಬಾಯಿಗೆ ಸುಮ್ಮನಿರುವಂತೆ ಸನ್ನೆ ಮಾಡಿದಳು.

"ಉಮಾ, ಗುಡ್ ನ್ಯೂಸ್! ಸರ್ ಕಣ್ಣು ಬಿಟ್ರು."

"ಹೌದಾ? ಮಾತಾಡಿದ್ರಾ?"

"ಇನ್ನೂ ಸರಿಯಾಗಿ ಇಲ್ಲ. ನಿನ್ನ ಹೆಸರು ಮಾತ್ರ ಹೇಳ್ತಿದಾರೆ. ಏನೋ ಹೇಳ್ಬೇಕು ಅಂತ ಒದ್ದಾಡ್ತಿದಾರೆ, ಪಾಪ. ನನ್ನ ನೋಡಿದ್ರೆ ಯಾಕೋ ಗಾಬರಿಯಾಗ್ತಾರೆ."

"ನರ್ಸ್ ಇದಾರಾ ಅಲ್ಲಿ?"

"ಮನೆಯವ್ರೇ ಇದೀವಲ್ಲ, ನಾನು ನೋಡ್ಕೋತೀನಿ ಅಂತ ಕಳಿಸಿದೆ. ಕಾರಿಡಾರಲ್ಲಿ ಗಲಾಟೆ ಅಂತ ಬಾಗಿಲೂ ಹಾಕಿದೀನಿ. ನೀನು ನಿಧಾನಕ್ಕೆ ಬಾ, ಫ್ರೀವೇ ಫುಲ್ ಜಾಮ್ ಅಂತೆ."

ನೀಲಾಬಾಯಿ ಆಗಲೇ ತನ್ನ ಫೋನಿನಲ್ಲಿ ಆಸ್ಪತ್ರೆಯ ನಂಬರು ಹುಡುಕುತ್ತ ಹೊರಗೆ ಓಡಿದ್ದಳು. ಉಮಾಶ್ರೀ ಕಾರಿನ ಕೀಲಿಯನ್ನು ಕೈ ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಇಪ್ಪತ್ತು ವರ್ಷ ಜೊತೆಗಿದ್ದ ಮನುಷ್ಯನ ಹತ್ತಿರ ದಿನದ ದನಿಯಲ್ಲೇ ಮಾತಾಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

"ನಾಗಾ," ಎಂದಳು. "ನಾನು ಬರೋವರೆಗೆ ಬಾಗಿಲು ತೆಗೆದಿಟ್ಟಿರು."

ಆ ಕಡೆ ದೂರದಲ್ಲೆಲ್ಲೋ ದ್ವಾರಕಾನಾಥರ ಕ್ಷೀಣ ದನಿ ಏನನ್ನೋ ಹೇಳಲು ಯತ್ನಿಸಿ ನಿಂತಿತು.

"ಯಾಕೆ?" ಎಂದ ನಾಗಾರ್ಜುನ.